ಐವತ್ತೆಂಟನೇ ಮಹಡಿಯ ಕಕ್ಕಸು

ದ್ವೀಪದ ಅತಿ ಎತ್ತರದ ಕಟ್ಟಡದಲ್ಲಿ ಆರುನೂರ ಹನ್ನೆರಡು ಕಕ್ಕಸುಗಳಿದ್ದವು. ಅದನ್ನು ಹೊರಗಿನಿಂದ ತೊಳೆಯುವ ಹದಿನೇಳು ಜನಕ್ಕೆ ಇದ್ದದ್ದು ಒಂದು. ಅದು ನೆಲದಡಿಯ ಮೂರನೇ ಅಂತಸ್ತಿನಲ್ಲಿ, ಜನರೇಟರ್ ಪಕ್ಕದಲ್ಲಿತ್ತು. ಚಿಲಕ ಇರಲಿಲ್ಲ. ಒಳಗೆ ಹೋದವರು ಒಂದು ಕಾಲು ಚಾಚಿ ಬಾಗಿಲನ್ನು ಒತ್ತಿ ಹಿಡಿದುಕೊಂಡೇ ಕೆಲಸ ಮುಗಿಸಬೇಕಿತ್ತು.

ಆರುನೂರ ಹನ್ನೆರಡು ಎಂದು ಎಣಿಸಿದವಳು ಹಲ್ಲಿ. ಕಕ್ಕಸಿನ ಕಿಟಕಿಗೆ ಮಬ್ಬು ಗಾಜು ಹಾಕಿರುತ್ತಾರೆ, ಹೊರಗಿನಿಂದಲೇ ಗೊತ್ತಾಗುತ್ತದೆ. ಹಗ್ಗದಲ್ಲಿ ನೇತಾಡುತ್ತ, ತೊಡೆ ಬಿಗಿಹಿಡಿದುಕೊಂಡು, ಒಂದೊಂದಾಗಿ ಎಣಿಸಿದ್ದಳು. ಉಚ್ಚೆ ಕಟ್ಟಿಕೊಂಡವರಿಗೆ ಬೇರೆ ಯಾವ ಲೆಕ್ಕವೂ ತಲೆಗೆ ಹತ್ತುವುದಿಲ್ಲ.

ಅವಳಿಗೆ ಮೂವತ್ತೊಂಬತ್ತು ವರ್ಷ. ಹನ್ನೊಂದು ವರ್ಷದಿಂದ ಗಾಜಿನ ಗೋಡೆಗೆ ಅಂಟಿಕೊಂಡೇ ಬದುಕಿದ್ದರಿಂದ ಹಲ್ಲಿ ಎಂಬ ಹೆಸರು ಬಿದ್ದಿತ್ತು. ಹೆಸರಿಟ್ಟವನೂ ಕೆಲಸ ಕಲಿಸಿದವನೂ ಅವಳ ಸೋದರಮಾವ. ಅವನನ್ನು ಹಗ್ಗದ ಗುಂಪಿನವರೆಲ್ಲ ಮಾವ ಎಂದೇ ಕರೆಯುತ್ತಿದ್ದರು. ಐವತ್ತೆಂಟು ವರ್ಷದ, ಬಡಕಲು ಮೈಯ, ಬಾಯಿ ಬಿಟ್ಟರೆ ನಗಿಸುವ ಮನುಷ್ಯ. ಕಟ್ಟಡಕ್ಕೂ ಐವತ್ತೆಂಟೇ ಮಹಡಿ. "ನನಗೂ ಅದಕ್ಕೂ ಒಂದೇ ವಯಸ್ಸು. ಆದ್ರೆ ಅದನ್ನ ತಿಂಗಳಿಗೊಂದ್ಸಲ ಯಾರಾದ್ರೂ ತೊಳೀತಾರೆ," ಎನ್ನುತ್ತಿದ್ದ.

ಬೆಳಿಗ್ಗೆ ಆರೂವರೆಗೆ ಸಾಮಾನಿನ ಲಿಫ್ಟಿನಲ್ಲಿ ತಾರಸಿಗೆ ಹೋಗಬೇಕು. ಸೊಂಟಕ್ಕೂ ತೊಡೆಗೂ ಬೆಲ್ಟು ಬಿಗಿದು, ಎರಡು ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿ, ಹಲಗೆಯ ಮಣೆಯ ಮೇಲೆ ಕೂತು, ಅಂಚಿನಿಂದ ಹಿಂದಕ್ಕೆ ಜಾರಬೇಕು. ಪಕ್ಕದಲ್ಲಿ ಬಕೆಟ್ಟು, ಕೈಯಲ್ಲಿ ಬ್ರಷ್ಷು, ಸೊಂಟದಲ್ಲಿ ವೈಪರು. ಸಮುದ್ರದ ಗಾಳಿ ಗಾಜಿಗೆ ಉಪ್ಪು ಮೆತ್ತುತ್ತದೆ. ಉಳಿದದ್ದನ್ನು ಕಡಲಹಕ್ಕಿಗಳು ಮೆತ್ತುತ್ತವೆ. ಎರಡನ್ನೂ ಉಜ್ಜಿ ಒರೆಸುತ್ತ ನೆಲ ಮುಟ್ಟುವುದಕ್ಕೆ ಐದು ಗಂಟೆ ಬೇಕು. ಹತ್ತು ಗಂಟೆಯ ಬಿಸಿಲಿಗೆ ಗಾಜು ದೋಸೆಯ ಕಾವಲಿಯಾಗುತ್ತದೆ. ಹಗ್ಗದಲ್ಲಿ ಇಳಿಯಬಹುದು, ಹತ್ತುವಂತಿಲ್ಲ. ನಡುವೆ ಅವಸರವಾದರೆ ಸರಸರನೆ ನೆಲಕ್ಕಿಳಿದು, ಕಾವಲುಗಾರನಿಗೆ ಪಾಸು ತೋರಿಸಿ, ನೆಲದಡಿಗೆ ಹೋಗಿ ಬಂದು, ಮತ್ತೆ ಸಾಮಾನಿನ ಲಿಫ್ಟಿಗೆ ಕಾಯಬೇಕು. ಲಿಫ್ಟಿನಲ್ಲಿ ಮೊದಲು ಸೋಫಾ, ಆಮೇಲೆ ಫ್ರಿಜ್ಜು, ಆಮೇಲೆ ನಾಯಿ, ಕೊನೆಗೆ ಇವರು. ಹಾಗೆ ಹೋಗಿಬಂದವರಿಗೆ ಅರ್ಧ ದಿನದ ಗೈರುಹಾಜರಿ.

ಆದ್ದರಿಂದ ಯಾರೂ ನೀರು ಕುಡಿಯುತ್ತಿರಲಿಲ್ಲ. ಹಿಂದಿನ ಸಂಜೆಯಿಂದಲೇ ಬಾಯಿ ಕಟ್ಟುತ್ತಿದ್ದರು. ಹಲ್ಲಿಗೆ ಉರಿಮೂತ್ರ ಮನೆಯ ನೆಂಟನ ಹಾಗೆ ಬಂದು ಹೋಗುತ್ತಿತ್ತು. ತಿಂಗಳಿನ ಆ ದಿನಗಳಲ್ಲಿ ಬಟ್ಟೆಯ ಮೇಲೆ ಬಟ್ಟೆ ಇಟ್ಟು, ಅದರ ಮೇಲೆ ಬೆಲ್ಟು ಬಿಗಿದು ಇಳಿಯುತ್ತಿದ್ದಳು. ತೊಡೆಸಂದಿಯಲ್ಲಿ ಚರ್ಮ ಸುಲಿದು ಕಪ್ಪಾಗಿತ್ತು. ಗಾಜಿನಾಚೆ ಜನ ಹಲ್ಲುಜ್ಜುತ್ತ, ಕಾಫಿ ಹೀರುತ್ತ ಓಡಾಡುತ್ತಿದ್ದರು. ಇವಳ ಮುಖ ಕಂಡ ಕೂಡಲೇ ಪರದೆ ಎಳೆಯುತ್ತಿದ್ದರು.

ಪ್ರತಿ ವರ್ಷ ಆಚೆ ದಡದ ಒಂದು ಸಂಸ್ಥೆ ದ್ವೀಪದ ಎತ್ತರದ ಕಟ್ಟಡಗಳ ಪಟ್ಟಿ ಅಚ್ಚು ಹಾಕಿಸುತ್ತಿತ್ತು. ಒಂದನೆಯದು ಈ ಕಟ್ಟಡ. ಎರಡನೆಯದು ಬಂದರಿನ ಹೋಟೆಲು. ಮೂರನೆಯದು ವಿದ್ಯುತ್ ಸ್ಥಾವರದ ಹೊಗೆಕೊಳವೆ. ನಾಲ್ಕನೆಯದು ಗುಡ್ಡದ ಮೇಲಿನ ಟಿವಿ ಗೋಪುರ. ಕೊಳವೆಗೂ ಗೋಪುರಕ್ಕೂ ಮೀಸೆ ತಿರುವುವ ಮಾಲೀಕರು ಇರಲಿಲ್ಲವಾದ್ದರಿಂದ ಅವು ತಮ್ಮ ಪಾಡಿಗೆ ತಾವು ನಿಂತಿದ್ದವು. ಜಗಳವೆಲ್ಲ ಮೊದಲ ಎರಡರದ್ದು. ಆ ವರ್ಷ ಹೋಟೆಲಿನವನು ಕಟ್ಟಡದ ನೆತ್ತಿಗೊಂದು ಕಬ್ಬಿಣದ ಶಿಖರ ನೆಟ್ಟು ಎರಡು ಮೀಟರ್ ಮುಂದೆ ಹೋದ. ಈ ಕಟ್ಟಡದ ಧಣಿಗೆ ಮೂರು ದಿನ ಅನ್ನ ಸೇರಲಿಲ್ಲವಂತೆ. ನಾಲ್ಕನೇ ದಿನ ಮೂವತ್ತನಾಲ್ಕು ಮೀಟರಿನ ಉಕ್ಕಿನ ಸೂಜಿಯೊಂದನ್ನು ಮಾಡಿಸಲು ಹೇಳಿದ. ಎರಡು ತಿಂಗಳಲ್ಲಿ ಸೂಜಿ ಎದ್ದು ನಿಂತಿತು.

"ಗಂಡಸರು ಬೇಲಿ ಪಕ್ಕ ನಿಂತ್ಕೊಂಡು ಯಾರದ್ದು ದೂರ ಹೋಗುತ್ತೆ ಅಂತ ನೋಡ್ತಾರಲ್ಲ, ಇದೂ ಹಂಗೇ," ಎಂದ ಮಾವ. "ಇವರದ್ದು ಮೇಲಕ್ಕೆ ಹೋಗುತ್ತೆ. ಅಷ್ಟೇ ವ್ಯತ್ಯಾಸ."

ಅಳತೆಯವನು ಬರುವುದಕ್ಕೆ ಹನ್ನೆರಡು ದಿನವಿತ್ತು. ಅಷ್ಟರಲ್ಲಿ ಇಡೀ ಕಟ್ಟಡ ಎರಡು ಸಲ ತೊಳೆದು ಮುಗಿಯಬೇಕು ಎಂದು ಅಪ್ಪಣೆಯಾಯಿತು. ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ಎಲ್ಲರನ್ನೂ ನೆಲದಡಿಗೆ ಕರೆದ. ಮಡಿಕೆ ಮುರಿಯದ ಅಂಗಿಯಿಂದಾಗಿ ಅವನಿಗೆ ಇಸ್ತ್ರಿ ಎಂಬ ಹೆಸರು. ಪಕ್ಕದಲ್ಲಿ ನಾಲ್ಕು ರಟ್ಟಿನ ಪೆಟ್ಟಿಗೆಗಳಿದ್ದವು.

"ಕಂಪನಿ ನಿಮಗೋಸ್ಕರ ಒಂದು ಅನುಕೂಲ ಮಾಡಿದೆ. ಇನ್ಮೇಲೆ ವಾಶ್‌ರೂಮಿಗೆ ಅಂತ ಕೆಳಗಿಳಿಯೋ ತಾಪತ್ರಯ ಇಲ್ಲ," ಎಂದು ಪೆಟ್ಟಿಗೆ ತೆರೆದ. ಒಳಗೆ ಡೈಪರುಗಳಿದ್ದವು. ಹಾಸಿಗೆ ಹಿಡಿದ ಮುದುಕರಿಗೆ ಹಾಕುವಂಥವು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಇದರಲ್ಲಿ ನಾಚಿಕೆ ಪಡೋಂಥದ್ದು ಏನಿಲ್ಲ," ಎಂದ ಇಸ್ತ್ರಿ. "ಚಂದ್ರಲೋಕಕ್ಕೆ ಹೋಗೋರೂ ಇದನ್ನೇ ಹಾಕ್ಕೋತಾರೆ."

"ಅವರು ಚಂದ್ರಲೋಕಕ್ಕೆ ಹೋಗ್ತಾರೆ ಸಾರ್, ಅಲ್ಲಿ ಕಕ್ಕಸಿಲ್ಲ," ಎಂದಳು ಹಲ್ಲಿ. "ನಾವು ಹೋಗೋದು ಐವತ್ತೆಂಟನೇ ಮಹಡಿಗೆ. ಅಲ್ಲಿದೆ."

"ಅದು ನಿವಾಸಿಗಳದ್ದು."

"ನಾವೇನು ಕಿತ್ತುಕೊಂಡು ಹೋಗ್ತೀವಾ. ಬಂದದ್ದನ್ನ ಬಿಟ್ಟು ಬರ್ತೀವಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಇಸ್ತ್ರಿ ನಗಲಿಲ್ಲ. ಹಾಕಿಕೊಳ್ಳದವರಿಗೆ ಹಗ್ಗವಿಲ್ಲ ಎಂದ. ತನ್ನಪ್ಪನ ವಯಸ್ಸಿನ ಮಾವನ ಕೈಗೆ ಮೊದಲನೆಯದನ್ನು ತುರುಕಿ, "ನಿನಗೆ ದೊಡ್ಡ ಸೈಜು ಬೇಡ ಬಿಡು," ಎಂದ.

ಮಾವ ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ.

ಅಂದು ಹದಿನೇಳು ಜನವೂ ಹಾಕಿಕೊಂಡು ಇಳಿದರು. ಬಿಸಿಲಿಗೆ ಅದು ಬೆಂದಿತು. ಬೆಲ್ಟಿನ ಪಟ್ಟಿ ಅದನ್ನು ಒತ್ತಿ, ಒಳಗಿನದ್ದು ತೊಡೆಗೆ ಇಳಿಯಿತು. ನೆಲ ಮುಟ್ಟಿದಾಗ ಮಾವ ಕಾಲು ಅಗಲಿಸಿಕೊಂಡು ನಡೆದ. ಕಾರು ನಿಲ್ಲಿಸುವ ಕಡೆ ನಿಂತಿದ್ದ ಡ್ರೈವರುಗಳು ಅವನ ನಡಿಗೆಯನ್ನು ಅಣಕಿಸಿ ನಕ್ಕರು. ಅವರಿಗೂ ಈ ಕಟ್ಟಡದಲ್ಲಿ ಕಕ್ಕಸಿರಲಿಲ್ಲ. ಕಾಂಪೌಂಡಿನ ಹಿಂದೆ ಹೋಗುತ್ತಿದ್ದರು. ಆದರೂ ನಕ್ಕರು. ಮಾವ ಜನರೇಟರ್ ಪಕ್ಕದ ನಲ್ಲಿಯ ಹತ್ತಿರ ಹೋಗಿ, ಬಟ್ಟೆ ಹಾಕಿಕೊಂಡೇ ಸೊಂಟಕ್ಕೆ ನೀರು ಸುರಿದುಕೊಂಡ. ಸುರಿದುಕೊಳ್ಳುತ್ತಲೇ ಇದ್ದ. ಹಲ್ಲಿ ಬಕೆಟ್ಟು ಕಸಿದುಕೊಳ್ಳಬೇಕಾಯಿತು.

"ಸಾಕು ಮಾವ."

"ನಿಮ್ಮಜ್ಜಿ ನನಗೆ ಎರಡು ವರ್ಷಕ್ಕೇ ಇದನ್ನೆಲ್ಲ ಬಿಡಿಸಿದ್ಲು ಕಣೇ," ಎಂದ ಮಾವ. "ಮತ್ತೆ ಕಲೀಬೇಕಂತೆ."

ಮರುದಿನದಿಂದ ಅವನು ಡೈಪರನ್ನು ಇಸ್ತ್ರಿಯ ಎದುರಿಗೆ ತೆಗೆದುಕೊಂಡು, ತಾರಸಿಯ ಟ್ಯಾಂಕಿನ ಹಿಂದೆ ಎಸೆದು ಇಳಿಯತೊಡಗಿದ. ನೀರನ್ನು ಪೂರ್ತಿ ಬಿಟ್ಟ. ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದ, ಅಷ್ಟೇ. ಹಲ್ಲಿ ಬೈದಳು. ಹನ್ನೆರಡು ದಿನ ತಾನೇ, ಒಂಟೆ ತಡೆಯಲ್ವಾ, ನಾನು ತಡೀತೀನಿ ಎಂದ. ಐದನೇ ದಿನ ಹನ್ನೊಂದು ಗಂಟೆಗೆ, ಮೂವತ್ತೊಂದನೇ ಮಹಡಿಯ ಎತ್ತರದಲ್ಲಿ, ಅವನ ಕೈಯ ವೈಪರು ಜಾರಿ ಹೋಯಿತು. ಪಕ್ಕದ ಹಗ್ಗದಲ್ಲಿದ್ದ ಹಲ್ಲಿ, ಅದು ಕೆಳಗೆ ಬಿದ್ದ ಸದ್ದು ಕೇಳಿ ತಿರುಗಿ ನೋಡಿದಳು. ಮಾವ ಮಣೆಯಿಂದ ಜಾರಿ, ಬೆಲ್ಟಿನಲ್ಲಿ ತಲೆಕೆಳಗಾಗಿ ತೂಗುತ್ತಿದ್ದ. ಕಣ್ಣು ಅರೆ ತೆರೆದಿತ್ತು. ಒಳಗಿದ್ದ ಹೆಂಗಸೊಬ್ಬಳು ಹೌಹಾರಿ ಪರದೆ ಎಳೆದುಕೊಂಡಳು.

ಹಲ್ಲಿ ಅವನ ಮಟ್ಟಕ್ಕೆ ಇಳಿದಳು. ಗೋಡೆಗೆ ಕಾಲು ಒದ್ದು ತೂಗಿದಳು. ಮೊದಲ ಸಲ ಕೈಗೆ ಸಿಗಲಿಲ್ಲ. ಎರಡನೇ ಸಲ ಅವನ ಅಂಗಿ ಸಿಕ್ಕಿ ಹರಿಯಿತು. ಮೂರನೇ ಸಲ ಬೆಲ್ಟು ಸಿಕ್ಕಿತು. ಅವನ ಬೆಲ್ಟನ್ನು ತನ್ನದಕ್ಕೆ ಕೊಕ್ಕೆ ಹಾಕಿ, ಅವನ ಹಗ್ಗದ ಹಿಡಿ ಸಡಿಲಿಸಿ, ಎರಡು ಮೈಯ ಭಾರವನ್ನು ತನ್ನ ಹಗ್ಗಕ್ಕೇ ಬಿಟ್ಟು ಇಳಿದಳು. ಮೂವತ್ತೊಂದು ಮಹಡಿ. ಅಂಗೈ ಸುಟ್ಟು ಬೊಕ್ಕೆ ಎದ್ದವು. ದಾರಿಯುದ್ದಕ್ಕೂ ಅವನ ಒಣಗಿದ ತುಟಿಯನ್ನೇ ನೋಡುತ್ತ, ಬಾಯಿಗೆ ಬಂದ ಬೈಗುಳವನ್ನೆಲ್ಲ ಅವನಿಗೂ, ಇಸ್ತ್ರಿಗೂ, ಧಣಿಗೂ, ಧಣಿಯ ಸೂಜಿಗೂ ಹಂಚಿದಳು.

ಸರ್ಕಾರಿ ಆಸ್ಪತ್ರೆಯಲ್ಲಿ ಮಾವನ ಜೀವ ಉಳಿಯಿತು. ಎರಡೂ ಮೂತ್ರಪಿಂಡ ಅರ್ಧಕ್ಕಿಂತ ಹೆಚ್ಚು ಹಾಳಾಗಿವೆ, ಇದು ಐದು ದಿನದ್ದಲ್ಲ, ಹಲವು ವರ್ಷದ್ದು ಎಂದರು ಡಾಕ್ಟರು. ಇನ್ನು ಹಗ್ಗದ ಕಡೆ ತಲೆ ಹಾಕಬಾರದು ಎಂದರು.

ಮಾರನೆಯ ದಿನ ಇಸ್ತ್ರಿ ಅಪಘಾತದ ವರದಿ ಬರೆದು ನೆಲದಡಿಯ ಗೋಡೆಗೆ ಅಂಟಿಸಿದ. ಹಲ್ಲಿ ಏಳನೇ ಕ್ಲಾಸು ಓದಿದವಳು. ನಿಂತು, ಬೆರಳಿಟ್ಟು ಓದಿದಳು. ಕಂಪನಿ ಒದಗಿಸಿದ ಸುರಕ್ಷತಾ ಸಾಧನವನ್ನು ಧರಿಸದೆ ಕೆಲಸಕ್ಕಿಳಿದಿದ್ದರಿಂದ ಅಪಘಾತವಾಗಿದೆ, ತಪ್ಪು ನೌಕರನದ್ದೇ ಎಂದಿತ್ತು.

"ಯಾವ ಸಾಧನ ಸಾರ್? ಬೆಲ್ಟು ಹಾಕಿದ್ದ. ಹಗ್ಗ ಎರಡಿತ್ತು. ಹೆಲ್ಮೆಟ್ಟಿತ್ತು."

ಇಸ್ತ್ರಿ ಪೆಟ್ಟಿಗೆಗಳ ಕಡೆ ಕಣ್ಣು ಹಾಯಿಸಿದ. "ಟ್ಯಾಂಕಿನ ಹಿಂದೆ ಐದು ಸಿಕ್ಕಿವೆ," ಎಂದ.

ಸಿಟ್ಟು ಬಂದರೆ ಹಲ್ಲಿಗೆ ಕಿವಿ ಬಿಸಿಯಾಗುತ್ತಿತ್ತು. ಅಂದು ಕಿವಿ ತಣ್ಣಗಿತ್ತು.

"ಅಳತೆ ದಿನ ಸೂಜಿ ಹತ್ತೋದು ನಿನ್ನ ಮಾವ ಅಂತಿತ್ತು. ಈಗ ಅಷ್ಟು ಎತ್ತರ ಹತ್ತೋಳು ನೀನೊಬ್ಬಳೇ," ಎಂದ ಇಸ್ತ್ರಿ. "ಹತ್ತುತೀಯಲ್ಲ?"

"ಹತ್ತುತೀನಿ," ಎಂದಳು ಹಲ್ಲಿ.

ಅಳತೆಯ ದಿನ ತಾರಸಿಯಲ್ಲಿ ಶಾಮಿಯಾನ ಹಾಕಿದ್ದರು. ಧಣಿ ಬಿಳಿ ಬಟ್ಟೆಯಲ್ಲಿ ನಿಂತಿದ್ದ. ಪತ್ರಿಕೆಯವರಿದ್ದರು, ಮೇಲಿನ ಮಹಡಿಗಳ ನಿವಾಸಿಗಳಿದ್ದರು. ಅಳತೆಯವನು ಚೌಕ ಕನ್ನಡಕದ, ಮಾತು ಕಡಿಮೆಯ ಮನುಷ್ಯ. ಸೂಜಿಯ ತುದಿಗೆ ಕನ್ನಡಿಯಂಥ ಒಂದು ಯಂತ್ರವನ್ನು ಕೂರಿಸಬೇಕು, ಕೆಳಗೆ ರಸ್ತೆಯಲ್ಲಿ ನಿಂತ ತನ್ನ ಸಹಾಯಕ ಅದಕ್ಕೆ ಗುರಿ ಹಿಡಿದು ಅಳೆಯುತ್ತಾನೆ, ತನ್ನ ದೋಣಿ ಹನ್ನೆರಡಕ್ಕೆ ಹೊರಡುತ್ತದೆ ಎಂದಷ್ಟೇ ಹೇಳಿದ. ಉಳಿದ ಹದಿನೈದು ಜನಕ್ಕೆ ಹೊಸ ಕೆಂಪು ಬಟ್ಟೆ ತೊಡಿಸಿ ನಾಲ್ಕೂ ಗೋಡೆಗೆ ಇಳಿಬಿಟ್ಟಿದ್ದರು. ಅಂದು ಕೆಲಸವೇನಿರಲಿಲ್ಲ. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು.

ಹಲ್ಲಿ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಸೂಜಿ ಹತ್ತಿದಳು. ಬೆಳಿಗ್ಗೆ ಎರಡು ತಂಬಿಗೆ ನೀರು ಕುಡಿದು ಬಂದಿದ್ದಳು. ತುದಿಗೆ ಮುಟ್ಟಿದಾಗ ಹತ್ತೂಮುಕ್ಕಾಲು. ಗಾಳಿಗೆ ಸೂಜಿ ತೂಗುತ್ತಿತ್ತು. ಸುತ್ತ ಇಡೀ ದ್ವೀಪ ಕಾಣುತ್ತಿತ್ತು. ಹೋಟೆಲು, ಹೊಗೆಕೊಳವೆ, ಟಿವಿ ಗೋಪುರ ಎಲ್ಲವೂ ಅವಳ ಅಂಗಾಲಿಗಿಂತ ಕೆಳಗಿದ್ದವು. ದ್ವೀಪದಲ್ಲಿ ಆ ಹೊತ್ತಿಗೆ ಅವಳಿಗಿಂತ ಎತ್ತರದಲ್ಲಿ ಮನುಷ್ಯರು ಯಾರೂ ಇರಲಿಲ್ಲ.

ವಾಕಿಟಾಕಿ ಗೊರಗೊರ ಎಂದಿತು. ಇಸ್ತ್ರಿಯ ದನಿ. "ಯಂತ್ರ ಕೂರಿಸು."

"ಸಾರ್, ಉಚ್ಚೆ ಬಂದಿದೆ."

ಇಸ್ತ್ರಿ ಧಣಿಯ ಪಕ್ಕದಲ್ಲೇ ವಾಕಿಟಾಕಿ ಹಿಡಿದು ನಿಂತಿದ್ದರಿಂದ ಶಾಮಿಯಾನಕ್ಕೆಲ್ಲ ಅದು ಕೇಳಿಸಿತು. ಪತ್ರಿಕೆಯವನೊಬ್ಬ ಕೆಮ್ಮಿದ.

"ಅದು ಹಾಕ್ಕೊಂಡಿದೀಯಲ್ಲ," ಎಂದ ಇಸ್ತ್ರಿ, ದನಿ ತಗ್ಗಿಸಿ.

"ಯಾವುದು ಸಾರ್, ಡೈಪರಾ? ಇಲ್ಲ. ಅದನ್ನ ಹಾಕ್ಕೊಂಡು ಮಾಡೋ ವಯಸ್ಸು ನನಗೆ ದಾಟಿದೆ. ಇನ್ನೊಂದು ವಯಸ್ಸು ಇನ್ನೂ ಬಂದಿಲ್ಲ."

ಧಣಿ ವಾಕಿಟಾಕಿ ಕಿತ್ತುಕೊಂಡ. "ಎರಡು ನಿಮಿಷ ತಡ್ಕೊ. ಯಂತ್ರ ಇಟ್ಟು ಇಳಿದು ಬಾ, ಆಮೇಲೆ ಹೋಗೀಯಂತೆ."

"ಇದು ಎರಡು ನಿಮಿಷದ್ದಲ್ಲ ಬುದ್ಧಿ. ಹನ್ನೊಂದು ವರ್ಷದ್ದು."

"ಏನು ಬೇಕು ನಿನಗೆ?"

"ಐವತ್ತೆಂಟನೇ ಮಹಡೀಲಿ ನಿಮ್ಮ ಮನೆ ಇದೆಯಲ್ಲ, ಬಲಗಡೆಯಿಂದ ಮೂರನೇ ಕಿಟಕಿ. ಅದರ ಗಾಜು ನಾನೇ ಒರೆಸೋದು. ಅಲ್ಲಿಗೆ ಹೋಗ್ಬೇಕು. ನನಗೆ ಮಾತ್ರ ಅಲ್ಲ."

ವಾಕಿಟಾಕಿಯಲ್ಲಿ ಇನ್ನೊಂದು ದನಿ ಬಂತು. ಪಡುವಣ ಗೋಡೆಯದ್ದು. "ನನಗೂ ಬಂದಿದೆ ಸಾರ್." ಮೂಡಣ ಗೋಡೆಯಿಂದ, "ನನಗೂ." ಆಮೇಲೆ ಸಾಲಾಗಿ ಬಂದವು. ನನಗೂ, ನನಗೂ, ನನಗೆ ಆಗಲೇ ಬಂದಿತ್ತು, ನನಗೆ ಎರಡೂ ಬಂದಿದೆ. ಶಾಮಿಯಾನದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಒಬ್ಬಳು ಮಾತ್ರ ತಡೆಯಲಾರದೆ ನಕ್ಕುಬಿಟ್ಟಳು. ಮೂವತ್ತೊಂದನೇ ಮಹಡಿಯಲ್ಲಿ ಪರದೆ ಎಳೆದವಳೋ ಬೇರೆ ಯಾರೋ, ಮೇಲಿದ್ದ ಹಲ್ಲಿಗೆ ಗೊತ್ತಾಗಲಿಲ್ಲ.

"ಇವಳನ್ನ ಕೆಳಗಿಳಿಸಿ," ಎಂದು ಧಣಿ ಕಿರುಚಿದ. ಇಳಿಸಬೇಕಾದರೆ ಯಾರಾದರೂ ಹತ್ತಬೇಕಿತ್ತು. ಇಸ್ತ್ರಿ ಸೂಜಿಯ ಬುಡದ ಏಣಿಗೆ ಒಂದು ಕಾಲಿಟ್ಟು, ಮೇಲೆ ನೋಡಿ, ಕಾಲು ತೆಗೆದ.

ಹಲ್ಲಿ ಯಂತ್ರವನ್ನು ಕೂರಿಸಲಿಲ್ಲ. ಬೆನ್ನಿನಿಂದ ಬಿಚ್ಚಲೂ ಇಲ್ಲ. ಹತ್ತಿದ ಹಾಗೇ ಇಳಿದಳು. ಇಳಿದು, ಯಂತ್ರವನ್ನು ಜೋಪಾನವಾಗಿ ಅಳತೆಯವನ ಕೈಗೆ ಕೊಟ್ಟಳು. ಎಲ್ಲರ ನಡುವೆ ನಡೆದು, ಮೆಟ್ಟಿಲಿಳಿದು, ಧಣಿಯ ಮನೆಯ ತೆರೆದ ಬಾಗಿಲಿನಿಂದ ಒಳಗೆ ಹೋದಳು. ಅಡುಗೆಯ ಹೆಂಗಸು ಕೇಳದೆಯೇ ದಾರಿ ತೋರಿಸಿದಳು. ಹಲ್ಲಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಆ ಕಕ್ಕಸು ಅವಳ ಮನೆಗಿಂತ ದೊಡ್ಡದಿತ್ತು. ಬೆಲ್ಟಿನ ಬಕಲುಗಳನ್ನು ಒಂದೊಂದಾಗಿ ಬಿಚ್ಚಿದಳು. ಕೂತಳು. ಎರಡೂ ಕಾಲು ನೆಲದ ಮೇಲಿದ್ದವು. ಬಾಗಿಲು ಅದರ ಪಾಡಿಗೆ ಮುಚ್ಚಿಕೊಂಡೇ ಇತ್ತು. ಹೊರಗೆ ಧಣಿ ಬಾಗಿಲು ಬಡಿದ.

"ಜನ ಇದಾರೆ," ಎಂದಳು ಹಲ್ಲಿ.

ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ಅಳು ಬಂತು. ಯಾಕೆಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ. ಮುಖ ತೊಳೆದು, ಬಿಳಿ ಟವೆಲ್ಲಿಗೆ ಒರೆಸಿಕೊಂಡು ಬಾಗಿಲು ತೆರೆದಾಗ ಹೊರಗೆ ಸಾಲು ನಿಂತಿತ್ತು. ಹದಿನೈದು ಜನ ಹಗ್ಗದಲ್ಲಿ ನೆಲಕ್ಕಿಳಿದು, ಮುಂಬಾಗಿಲಿನಿಂದ ಬಂದು, ನಿವಾಸಿಗಳ ಲಿಫ್ಟು ಹತ್ತಿ ಬಂದಿದ್ದರು. ಕೆಂಪು ಬಟ್ಟೆ ನೋಡಿ, ಇದೂ ಸಮಾರಂಭದ ಭಾಗವಿರಬೇಕು ಎಂದುಕೊಂಡು ಕಾವಲುಗಾರ ಸಲಾಮು ಹೊಡೆದಿದ್ದನಂತೆ. ರತ್ನಗಂಬಳಿಯ ಮೇಲೆ ಬೂಟುಗಳ ಗುರುತು ಮೂಡಿತ್ತು. ಸಾಲಿನ ಕೊನೆಯಲ್ಲಿ ಅಳತೆಯವನು ನಿಂತಿದ್ದ. ಬೆಳಿಗ್ಗೆ ದೋಣಿ ಹತ್ತಿದಾಗಿನಿಂದ ಅವನಿಗೂ ಆಗಿರಲಿಲ್ಲ. ಮೊದಲು ನೀವು ಬನ್ನಿ ಎಂದು ಧಣಿ ಕೈ ಮುಗಿದ. "ಸಾಲಿದೆ," ಎಂದ ಅಳತೆಯವನು.

ಅವನ ಸರದಿ ಮುಗಿದಾಗ ಹನ್ನೊಂದು ಐವತ್ತು. ಅವನು ಯಂತ್ರವನ್ನು ಪೆಟ್ಟಿಗೆಗೆ ಹಾಕಿಕೊಂಡು ಜೆಟ್ಟಿಗೆ ಓಡಿದ. ಆ ವರ್ಷದ ಪಟ್ಟಿಯಲ್ಲಿ ಹೋಟೆಲೇ ಮೊದಲನೆಯದಾಯಿತು.

ಸಂಜೆಯೊಳಗೆ ಹದಿನಾರು ಜನಕ್ಕೂ ಗೇಟು ಮುಚ್ಚಿತು. ಆಸ್ಪತ್ರೆಯಲ್ಲಿದ್ದ ಮಾವನ ಪಾಸನ್ನೂ ರದ್ದು ಮಾಡಿದರು. ಹಲ್ಲಿ ಹೋಗಿ ಎಲ್ಲವನ್ನೂ ಹೇಳಿದಾಗ ಅವನು ಟ್ಯೂಬು ಅಲ್ಲಾಡುವಷ್ಟು ನಕ್ಕ, ನರ್ಸು ಬಂದು ಗದರಿದಳು. "ಹೇಗಿತ್ತೇ?" ಎಂದು ಪಿಸುಗುಟ್ಟಿದ. "ಕೂರೋ ಜಾಗ ಬೆಚ್ಚಗಿತ್ತು ಮಾವ, ಕರೆಂಟಿನದ್ದು," ಎಂದಳು. ಅವನು ಮತ್ತೆ ನಕ್ಕ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ. "ನನ್ನ ಬಗ್ಗೆ ಗೋಡೆ ಮೇಲೆ ಏನೋ ಬರೆದು ಅಂಟಿಸಿದಾರಂತೆ," ಎಂದ.

ಧಣಿ ಆಚೆ ದಡದಿಂದ ಹೊಸ ಗುಂಪು ತರಿಸಿದ. ಹಲ್ಲಿಯ ಗಂಡ ದೋಣಿಯಲ್ಲಿ ಟಿಕೆಟ್ ಹರಿಯುವವನು. ಹೊಸಬರು ಯಾವ ದೋಣಿಗೆ ಬರುತ್ತಾರೆಂದು ಮನೆಗೆ ಬಂದು ಹೇಳಿದ. ಅವರು ಇಳಿಯುವಾಗ ಹದಿನಾರು ಜನವೂ ಜೆಟ್ಟಿಯಲ್ಲಿದ್ದರು. ಜಗಳವಾಡಲಿಲ್ಲ. ಹಲ್ಲಿ ಹೊಸ ಮೇಸ್ತ್ರಿಗೆ ಒಂದು ಡೈಪರು ಕೊಟ್ಟು, "ಇದು ನಿಮ್ಮ ಅಳತೆದು, ಹಾಕ್ಕೊಂಡು ಹೋಗಿ," ಎಂದಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಎಲ್ಲ ಕೇಳಿಸಿಕೊಂಡ. ಹೊಸಬರೆಲ್ಲ ಅದೇ ದೋಣಿಯಲ್ಲಿ ಹಿಂತಿರುಗಿದರು. ಎರಡನೇ ಗುಂಪು ಕಟ್ಟಡದವರೆಗೆ ಹೋಯಿತು, ಕಕ್ಕಸು ಎಷ್ಟನೇ ಮಹಡಿಯಲ್ಲಿದೆ ಎಂದು ಕೇಳಿ ವಾಪಸಾಯಿತು. ಮೂರನೆಯದು ಬರಲೇ ಇಲ್ಲ.

ಏಳು ವಾರ ಯಾರೂ ಗಾಜು ಮುಟ್ಟಲಿಲ್ಲ. ಉಪ್ಪು ಪದರ ಪದರವಾಗಿ ಕೂತಿತು. ಕಡಲಹಕ್ಕಿಗಳಿಗೆ ಯಾರ ಪಾಸೂ ಬೇಕಿರಲಿಲ್ಲ. ಅವು ಸೂಜಿಯ ಮೇಲೆ ಸಾಲಾಗಿ ಕೂತು ನಾಲ್ಕೂ ಗೋಡೆಗೆ ಸುಣ್ಣ ಬಳಿದವು. ಹದಿನಾರು ಮನೆಗಳಲ್ಲಿ ಒಲೆ ಒಪ್ಪೊತ್ತಿಗೆ ಇಳಿಯಿತು. ಇಬ್ಬರು ಮೀನಿನ ದೋಣಿಗಳು ತಂಗುವ ಧಕ್ಕೆಯಲ್ಲಿ ಬುಟ್ಟಿ ಹೊತ್ತರು. ಹಲ್ಲಿ ಶಾಲೆಯೊಂದರ ಕಿಟಕಿ ಒರೆಸಿದಳು, ನೆಲದ ಮೇಲೆ ನಿಂತು. ಅತ್ತ ಸಮುದ್ರ ಕಾಣಲಿ ಎಂದು ಮನೆ ಕೊಂಡವರಿಗೆ ಹಿಕ್ಕೆ ಕಾಣತೊಡಗಿತು. ಅವರು ಸಭೆ ಸೇರಿ ಧಣಿಯ ಜೊತೆ ಕೂಗಾಡಿದರು. ಎಂಟನೇ ವಾರ ಇಪ್ಪತ್ತು, ನಲವತ್ತು, ಐವತ್ತೆಂಟನೇ ಮಹಡಿಗಳಲ್ಲಿ ಹಗ್ಗದವರಿಗೆ ಕಕ್ಕಸು, ಒಳಗೆ ಬರಲು ಕಿಟಕಿ ಎಂದು ತೀರ್ಮಾನವಾಯಿತು. ಧಣಿಯ ಮನೆಯದ್ದಲ್ಲ, ಪಕ್ಕದ್ದು.

ಹೇಳಲು ಇಸ್ತ್ರಿ ತಾನೇ ಹಲ್ಲಿಯ ಮನೆಗೆ ಬಂದ. ಅಂಗಿಯ ಮಡಿಕೆ ಬೆವರಿಗೆ ಸೋತಿತ್ತು. ಒಂದೇ ಕೋಣೆ. ಗೋಡೆಗೊರಗಿ ಮಾವ ಕೂತಿದ್ದ. ಡಾಕ್ಟರು ಬರೆದುಕೊಟ್ಟ ಅಳತೆಯ ಲೋಟದಲ್ಲಿ ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದ.

"ನಾಳೆಯಿಂದ ಬರ್ತೀರಾ?" ಎಂದ ಇಸ್ತ್ರಿ. ಅವನ ಬಾಯಲ್ಲಿ ತನಗೆಂದು ಬಹುವಚನವನ್ನು ಹಲ್ಲಿ ಕೇಳಿದ್ದು ಅದೇ ಮೊದಲು.

"ಬರ್ತೀವಿ. ಆ ವರದಿ ತಿದ್ದಿದ ಮೇಲೆ."

"ಅದು ಕಚೇರಿ ಕಾಗದ. ತಿದ್ದೋ ಹಾಗಿಲ್ಲ."

"ಹಾಗಾದ್ರೆ ಹಕ್ಕಿಗಳಿಗೇ ಕೆಲಸ ಕೊಡಿ."

ಇಸ್ತ್ರಿ ಮಾವನ ಕಡೆ ನೋಡಿದ. ಮಾವ ಲೋಟದ ಕಡೆ ನೋಡಿದ. ಕೊನೆಗೆ ಇಸ್ತ್ರಿ ನೆಲದ ಮೇಲೆ ಕೂತು, ಚೀಲದಿಂದ ಹೊಸ ಹಾಳೆ ತೆಗೆದು, ಮೊಣಕಾಲ ಮೇಲಿಟ್ಟುಕೊಂಡ. "ಹೇಳಿ, ಏನು ಬರೀಲಿ?"

"ನೌಕರನ ತಪ್ಪಿಲ್ಲ ಅಂತ ಮೊದಲು ಬರೀರಿ."

ಬರೆದ.

"ನೀರು ಕುಡೀದೆ ತಲೆ ತಿರುಗಿ ಬಿದ್ದ. ನೀರು ಯಾಕೆ ಕುಡೀಲಿಲ್ಲ ಅಂದ್ರೆ, ಕಂಪನಿ ಅವನಿಗೆ ಉಚ್ಚೆ ಹುಯ್ಯೋಕೆ ಜಾಗ ಕೊಟ್ಟಿರಲಿಲ್ಲ."

ಇಸ್ತ್ರಿಯ ಪೆನ್ನು ನಿಂತಿತು. "ಮೂತ್ರ ವಿಸರ್ಜನೆ ಅಂತ ಹಾಕ್ತೀನಿ."

"ಮೂತ್ರ ವಿಸರ್ಜನೆ ಮಾಡೋರು ಒಳಗಡೆ ಇದ್ರು ಸಾರ್. ನಮಗೆ ಬರೋದು ಉಚ್ಚೆ. ಅದನ್ನೇ ಬರೀರಿ."

"ಧಣಿಗಳು ಸಹಿ ಹಾಕೋ ಕಾಗದ ಇದು."

"ಗೊತ್ತು. ಓದಿ ಹಾಕ್ಲಿ."

ಹೊರಗೆ ಯಾರದೋ ಸೈಕಲ್ಲಿನ ಗಂಟೆ ಕೇಳಿಸಿತು. ಇಸ್ತ್ರಿ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ತಲೆ ಬಗ್ಗಿಸಿ, ಹಾಳೆಗೆ ಮುಖ ಹತ್ತಿರ ತಂದು ಬರೆದ. ಹಲ್ಲಿ ಹಾಳೆಯನ್ನು ಈಸಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಓದಿದಳು. ಒಂದು ಕಡೆ ಬೆರಳು ನಿಂತಿತು. ಹಾಳೆಯನ್ನು ಅವನ ಮೊಣಕಾಲ ಮೇಲೆ ವಾಪಸ್ ಇಟ್ಟಳು.

"ಉಚೆ ಅಂತ ಆಗಿದೆ ಸಾರ್," ಎಂದಳು. "ಒತ್ತು ಬಿಟ್ಟಿದೀರಿ. ಹಾಕಿ."